ಅಣ್ಣನ ಕೈಗುಣದ ಪರೀಕ್ಷೆ

ನಮ್ಮ ಕಲ್ಕತ್ತೆಯ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಥರ್ಮಾಮೀಟರ್ ಅಂಟಿಕೊಂಡಿದೆ. ಜ್ವರ ನೋಡುವಂಥದ್ದಲ್ಲ, ಮೀನು ಸಾಕುವ ಗಾಜಿನ ತೊಟ್ಟಿಯೊಳಗೆ ಅಂಟಿಸುವಂಥದ್ದು. ಬೆನ್ನಿಗೊಂದು ರಬ್ಬರಿನ ಬಟ್ಟಲು, ಹೊಟ್ಟೆಯೊಳಗೊಂದು ಕೆಂಪು ಗೆರೆ. ಎದುರು ಫ್ಲ್ಯಾಟಿನ ಬಂಗಾಳಿ ಅತ್ತಿಗೆ, ಮಲ್ಲಿಕಾ ಬೌದಿ, ಅದನ್ನು ಮೊದಲ ಸಲ ಕಂಡಾಗ ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಮೀನು ತಿನ್ನದ ಸಂಸಾರವೊಂದರ ಎದುರು ವರ್ಷಗಟ್ಟಲೆ ವಾಸ ಮಾಡಿ, ನಮಗಾಗಿ ಮರುಗಿ ಮರುಗಿ ಸೋತವರು ಅವರು. ಕೊನೆಗೂ ಈ ಮನೆಯವರಿಗೆ ಬುದ್ಧಿ ಬಂತು ಎಂಬ ಸಂತೋಷದಲ್ಲಿ ಹಾಲ್, ಬಾಲ್ಕನಿ, ಟಿವಿಯ ಹಿಂಭಾಗ ಎಲ್ಲ ಇಣುಕಿ ನೋಡಿ, ಮೀನೆಲ್ಲಿ ಅಂತ ಕೇಳಿದರು. ಮೀನಿಲ್ಲ, ಅದು ದೋಸೆಹಿಟ್ಟಿನ ಬಿಸಿ ನೋಡಲು ತಂದದ್ದು ಅಂತ ನನ್ನ ಹೆಂಡತಿ ಸುಮತಿ ಹೇಳಿದಳು. ಬೌದಿ, ತಿನ್ನದಿದ್ದರೆ ಬೇಡ, ನೋಡುವುದಕ್ಕಾದರೂ ಎರಡು ಸಾಕಬಹುದಿತ್ತಲ್ಲ ಎಂದು ಸಂತಾಪ ಸೂಚಿಸುವ ದನಿಯಲ್ಲಿ ಹೇಳಿ ಹೋದರು.

ಅದು ಬಂದದ್ದು ನನ್ನ ಮಗಳು ಅದಿತಿಯ ಬಯಾಲಜಿ ಪ್ರಾಜೆಕ್ಟಿನ ದೆಸೆಯಿಂದ. ಅವಳು ಒಂಬತ್ತನೇ ಕ್ಲಾಸು. ಕ್ರಿಸ್‌ಮಸ್ ರಜೆಗೆ ಮುಂಚೆ ಅವರ ಬಯಾಲಜಿ ಮ್ಯಾಡಂ ಒಂದು ಕೆಲಸ ಹೇಳಿ ಕಳಿಸಿದ್ದರು. ಮನೆಯಲ್ಲಿ ನಡೆಯುವ ಯಾವುದಾದರೂ ಒಂದು ಜೈವಿಕ ಕ್ರಿಯೆಯನ್ನು ಆರಿಸಿಕೊಳ್ಳಬೇಕು. ಅದು ಯಾವುದರಿಂದ ಹೆಚ್ಚುಕಮ್ಮಿ ಆಗುತ್ತದೆ ಅಂತ ಪ್ರಯೋಗ ಮಾಡಿ ಕಂಡುಹಿಡಿಯಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ವೇರಿಯೆಬಲ್ ಅನ್ನುತ್ತಾರೆ. ನನ್ನ ಮಗಳು ಕನ್ನಡವನ್ನು ಕೇಳಿದರೆ ಪೂರ್ತಿ ತಿಳಿದುಕೊಳ್ಳುತ್ತಾಳೆ, ಮಾತಾಡುವಾಗ ಮಾತ್ರ ಅರ್ಧ ದಾರಿಯಲ್ಲಿ ಬಸ್ಸು ಬದಲಿಸುತ್ತಾಳೆ. "ಅಪ್ಪ, ಸಿಂಪಲ್ ಇದು. ಒಂದೇ ಥಿಂಗ್ ಚೇಂಜ್ ಮಾಡೋದು, ಒಂದು ಮೆಷರ್ ಮಾಡೋದು, ಬಾಕಿ ಎಲ್ಲ ಸೇಮ್ ಟು ಸೇಮ್" ಅಂತ ನನಗೆ ತಿಳಿಹೇಳಿದಳು.

ನನಗೆ ತಿಳಿಯದೆ ಏನು? ನಾನೂ ಉಡುಪಿ ಕಡೆಯ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಓದಿದವನೇ. ನಮ್ಮ ಪುಸ್ತಕದಲ್ಲಿ ಅದಕ್ಕೆ 'ಚರ' ಅಂತ ಹೆಸರು. ಚರ ಅಂದರೆ ಚಲಿಸುವುದು ಅಂತ ಮಾಷ್ಟ್ರು ಹೇಳಿಕೊಟ್ಟಿದ್ದರಿಂದ ದನ, ಆಡು, ಕೋಳಿ ಇವೆಲ್ಲ ಚರಗಳು ಎಂದು ನಾನು ಬಹುಕಾಲ ನಂಬಿದ್ದೆ. 'ಅವಲಂಬಿತ ಚರ' ಅನ್ನುವುದಂತೂ ಬ್ಯಾಂಕಿಗೆ ಸೇರಿ ಮೆಡಿಕಲ್ ಫಾರ್ಮಿನಲ್ಲಿ ಅವಲಂಬಿತರು ಎಂಬ ಕಡೆ ಹೆಂಡತಿಯ ಹೆಸರು ಬರೆಯುವವರೆಗೂ ನನಗೆ ಅರ್ಥವಾಗಿರಲಿಲ್ಲ. ಬರೆದ ಮೇಲೆ ಆದ ಅರ್ಥವೂ ತಪ್ಪು ಅಂತ ಸುಮತಿ ಹೇಳುತ್ತಾಳೆ. ಇನ್ನು ಪ್ರಯೋಗ. ನಮ್ಮ ಶಾಲೆಯ ಪ್ರಯೋಗಾಲಯದ ಕಪಾಟಿನ ಬೀಗದ ಕೈ ವರ್ಗವಾಗಿ ಹೋದ ಹೆಡ್‌ಮಾಸ್ಟರ ಜೊತೆಗೇ ಹೋಗಿತ್ತು. ಹಾಗಾಗಿ ಮಾಷ್ಟ್ರು ಕುರ್ಚಿಯಲ್ಲಿ ಕೂತು, 'ವೀಕ್ಷಣೆ: ಎಲೆಯು ನೀಲಿ ಬಣ್ಣಕ್ಕೆ ತಿರುಗಿತು' ಅಂತ ಉಕ್ತಲೇಖನ ಕೊಡುತ್ತಿದ್ದರು. ಇಡೀ ಕ್ಲಾಸು ಆ ಎಲೆಯನ್ನು ವೀಕ್ಷಿಸಿದ್ದಾಗಿ ಬರೆಯಿತು. ಯಾವ ಗಿಡದ ಎಲೆ, ಅದು ಎಲ್ಲಿತ್ತು, ಈಗಲೂ ನನಗೆ ಗೊತ್ತಿಲ್ಲ. ಚಿತ್ರ ಮಾತ್ರ ಚೆನ್ನಾಗಿ ಬಿಡಿಸಿದ್ದೆ.

ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಮುಟ್ಟದೆ ಇರುವುದು ಮನುಷ್ಯರಿಂದ ಆಗುವ ಕೆಲಸ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ನಮ್ಮ ಬ್ರಾಂಚನ್ನೇ ತೆಗೆದುಕೊಳ್ಳಿ. ಒಮ್ಮೆ ಠೇವಣಿ ಇಳಿಯಿತು. ಕೂಡಲೇ ಹೊಸ ಮ್ಯಾನೇಜರನ್ನು ಹಾಕಿದರು. ಹೊಸ ಮ್ಯಾನೇಜರು ಬಂದವರೇ ಕೌಂಟರಿನ ದಿಕ್ಕು ಬದಲಿಸಿದರು, ಪರದೆ ಬದಲಿಸಿದರು, ಕ್ಯಾಶಿಯರನ್ನು ಬದಲಿಸಿದರು, ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದರು. ಅಷ್ಟರಲ್ಲಿ ದುರ್ಗಾಪೂಜೆಯ ಬೋನಸ್ ಬರುವ ತಿಂಗಳು ಬಂದು ಠೇವಣಿ ತಾನಾಗಿ ಏರಿತು. ಮ್ಯಾನೇಜರು ತಮ್ಮ ನಾಯಕತ್ವದಿಂದ ಅಂದರು, ಕ್ಯಾಶಿಯರು ತನ್ನ ನಗುಮುಖದಿಂದ ಅಂದ, ನಿಂಬೆಹಣ್ಣು ಕಟ್ಟಿದವನು ತನಗೆ ಬಡ್ತಿ ಬರಬೇಕಿತ್ತು ಅಂತ ಇವತ್ತಿಗೂ ಹೇಳುತ್ತಾನೆ.

ಅದಿತಿಯ ಕ್ಲಾಸಿನವರಿಗೆ ಈ ತೊಂದರೆ ಬರಲಿಲ್ಲ. ಅವರ ಟ್ಯೂಷನ್ ಸರ್ ಎಲ್ಲರಿಗೂ ಒಂದೇ ಪ್ರಯೋಗ ಕೊಟ್ಟುಬಿಟ್ಟರು: ಒಂದು ಹೆಸರುಕಾಳಿನ ಸಸಿ ಬಿಸಿಲಲ್ಲಿ, ಒಂದು ಕಪಾಟಿನ ಕತ್ತಲಲ್ಲಿ. ಫಲಿತಾಂಶವನ್ನೂ ಮುಂಗಡವಾಗಿಯೇ ಹೇಳಿದ್ದರು, ಬಿಸಿಲಿನದು ಎತ್ತರ ಬೆಳೆಯುತ್ತದೆ ಅಂತ. ದಕ್ಷಿಣ ಕಲ್ಕತ್ತೆಯ ಎಷ್ಟೋ ಮನೆಗಳ ಬಟ್ಟೆಯ ಕಪಾಟಿನಲ್ಲಿ ಸೀರೆಗಳ ಪಕ್ಕ ಹೆಸರುಕಾಳು ಮೊಳೆಯಿತು. ಕೆಲವು ದಿನ ಕಳೆದು ತಾಯಂದಿರ ವಾಟ್ಸ್ಯಾಪ್ ಗುಂಪಿನಲ್ಲಿ ಗಾಬರಿ. ಕತ್ತಲಲ್ಲಿಟ್ಟ ಸಸಿ ಬಿಳಚಿಕೊಂಡು, ಬೆಳಕು ಹುಡುಕಿಕೊಂಡು, ಬಿಸಿಲಿನದಕ್ಕಿಂತ ಎರಡು ಪಟ್ಟು ಉದ್ದ ಬೆಳೆದು ನಿಂತಿತ್ತು. ಸಸ್ಯಗಳ ಸ್ವಭಾವವೇ ಹಾಗಂತೆ, ನನಗೆ ಅದಿತಿ ಹೇಳಿದ್ದು. ಆದರೆ ಸರ್ ಹೇಳಿದ್ದು ಹಾಗಲ್ಲವಲ್ಲ. ಏನು ಮಾಡುವುದು ಅಂತ ಗುಂಪಿನಲ್ಲಿ ದೊಡ್ಡ ಚರ್ಚೆಯಾಗಿ, ಕೊನೆಗೆ ಒಬ್ಬ ತಾಯಿ ದಾರಿ ತೋರಿಸಿದರು. ಕತ್ತರಿ ತೆಗೆದುಕೊಂಡು ಕತ್ತಲಿನ ಸಸಿಯ ತಲೆಯನ್ನು ಅಳತೆಗೆ ಸರಿಯಾಗಿ ಕತ್ತರಿಸುವುದು. ಎಲ್ಲರೂ ಕೈಮುಗಿಯುವ ಚಿತ್ರ ಹಾಕಿ ಧನ್ಯವಾದ ಹೇಳಿದರು.

ನಮ್ಮ ಮಗಳು ಹೆಸರುಕಾಳು ಒಲ್ಲೆ ಅಂದಳು. ಬೇರೆ ಏನೂ ಹೊಳೆಯದೆ ಒಂದು ಚಳಿಯ ಬೆಳಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಕಾಲು ಆಡಿಸುತ್ತ ಕೂತಿದ್ದಾಗ ಅವಳ ತಾಯಿ ದೋಸೆಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದಳು. ಹಿಟ್ಟು ಹಿಂದಿನ ಸಂಜೆ ಎಲ್ಲಿತ್ತೋ ಅಲ್ಲೇ ಇತ್ತು. ಒಂದು ಗುಳ್ಳೆ ಇಲ್ಲ, ಉಬ್ಬಿಲ್ಲ, ಹುಳಿಯಿಲ್ಲ. ಸಿಮೆಂಟು ಕಲಸಿಟ್ಟ ಹಾಗೆ ಮಲಗಿತ್ತು. ಕಲ್ಕತ್ತೆಯಲ್ಲಿ ಚಳಿಗಾಲ ಅಂದರೆ ಜನ ಮಂಗನ ಟೊಪ್ಪಿ ಹಾಕಿಕೊಂಡು ಸಂಭ್ರಮಿಸುತ್ತಾರೆ. ನಮ್ಮ ಮನೆಯಲ್ಲಿ ಅದು ಅವಮಾನದ ಕಾಲ, ಮುಖ್ಯವಾಗಿ ಸುಮತಿಗೆ. ಯಾಕೆಂದರೆ ಇಲ್ಲಿಂದ ಕೂಗಳತೆಯಲ್ಲಿ, ಗರಿಯಾಹಾಟ್ ಹಿಂದಿನ ಒಂದು ಗಲ್ಲಿಯಲ್ಲಿ, ಅದೇ ಅಕ್ಕಿ, ಅದೇ ಉದ್ದು, ಅದೇ ನೀರಿನ ಹಿಟ್ಟು ಎಷ್ಟೇ ಚಳಿಯಿದ್ದರೂ ಪಾತ್ರೆ ಮೀರಿ ಉಕ್ಕುತ್ತಿತ್ತು. ಅದು ನಮ್ಮಣ್ಣನ ಹೋಟೆಲು.

ಅಣ್ಣನ ಬಗ್ಗೆ ಹೇಳಬೇಕು. ವಾಸುದೇವ ಅಂತ ಹೆಸರು. ನನಗಿಂತ ಸಾಕಷ್ಟು ದೊಡ್ಡವನು. ನಾನು ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ ಅವನು ದೂರದ ನೆಂಟರೊಬ್ಬರ ಹೋಟೆಲಿಗೆ ಕೆಲಸಕ್ಕೆಂದು ಕಲ್ಕತ್ತೆಯ ರೈಲು ಹತ್ತಿದ್ದ. ಓದು ತಲೆಗೆ ಹತ್ತದವನು, ಮಾತು ಕಡಿಮೆ, ನೋಡಲು ಸಾಧಾರಣ ಅಂತ ಊರಿನಲ್ಲಿ ಅವನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡವರಲ್ಲ. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಅವನು ಕಲಸಿಟ್ಟ ಹಿಟ್ಟು ಹೂವಿನ ಹಾಗೆ ಅರಳಿತಂತೆ. ಧಣಿಗಳು ಅವನ ಕೈ ಹಿಡಿದು, ಇದು ಕೈಗುಣ ಮಾರಾಯ, ಕಲಿತು ಬರುವುದಲ್ಲ ಅಂದರಂತೆ. ಅವನ ಜೀವನದಲ್ಲಿ ಅವನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಮುಂದೆ ಧಣಿಗಳು ವಯಸ್ಸಾಗಿ ಊರಿಗೆ ಹೋಗುವಾಗ ಹೋಟೆಲನ್ನು ಆ ಕೈಗೇ ಒಪ್ಪಿಸಿ ಹೋದರು. ಅಣ್ಣ ಮದುವೆಯಾಗಲಿಲ್ಲ, ಹೋಟೆಲಿನ ಮೇಲಿನ ಕೋಣೆಯಲ್ಲೇ ವಾಸ. ನನ್ನ ಡಿಗ್ರಿ ಕನ್ನಡಿ ಹಾಕಿಸಿಕೊಂಡು ಗೋಡೆಯಲ್ಲಿ ನೇತಾಡುತ್ತಿದೆ. ಅವನ ಡಿಗ್ರಿ ಬಲಗೈಯ ತುದಿಯಲ್ಲಿತ್ತು.

ಆದರೆ ಡಿಗ್ರಿ ಪಡೆದವರು ಸುಮ್ಮನಿರುವುದುಂಟೇ? ಚಳಿಗಾಲ ಬಂತೆಂದರೆ ಅಣ್ಣ ಸಂಜೆ ಹೊತ್ತು ನಮ್ಮ ಮನೆಗೆ ಬಂದು, ಕಾಫಿ ಕುಡಿದು, ಕೈ ತೊಳೆದು, ಸುಮತಿಯ ಹಿಟ್ಟಿನ ಪಾತ್ರೆಗೆ ಮೊಣಕೈವರೆಗೆ ಕೈಯಿಳಿಸಿ ದೇವರ ಹೆಸರು ಹೇಳುತ್ತ ತಿರುವಿ ಹೋಗುತ್ತಿದ್ದ. ಮರುದಿನ ಸ್ವಲ್ಪ ಬಿಸಿಲಿದ್ದು ಹಿಟ್ಟು ಉಬ್ಬಿದರೆ ಅದು ಅವನ ಕೈಯಿಂದ. ಉಬ್ಬದಿದ್ದರೆ ಅಕ್ಕಿ ಹೊಸದು, ಉದ್ದು ಹಳೆಯದು, ಪಾತ್ರೆ ಸರಿಯಿಲ್ಲ. ಎಲ್ಲದರ ಕೊನೆಗೆ, ಬೈಗುಳವಲ್ಲದ ಮೃದು ದನಿಯಲ್ಲಿ, ನಿನ್ನ ಕೈ ತಣ್ಣಗೆ ಸುಮತಿ, ಎಂತ ಮಾಡುದು ಅಂತ ಒಂದು ಮಾತು. ಸುಮತಿ ಮದುವೆಯಾಗಿ ಬಂದಾಗಿನಿಂದ ಪ್ರತಿ ಚಳಿಗಾಲವೂ ಈ ಮಾತನ್ನು ನುಂಗಿಕೊಂಡಿದ್ದಳು. ಊರಿನ ನೆಂಟರಲ್ಲೆಲ್ಲ ಅವಳ ಕೈ ತಣ್ಣಗಿನದೆಂದು ಸುದ್ದಿಯಾಗಿತ್ತು. ಅವಳ ಸಾರು, ಪಲ್ಯ, ಉಪ್ಪಿನಕಾಯಿ ಯಾವುದಕ್ಕೂ ಹೆಸರಿಡುವಂತಿಲ್ಲ. ಆದರೂ ಕೈಗುಣವಿಲ್ಲದವಳು ಅಂತ ಒಮ್ಮೆ ಅನ್ನಿಸಿಕೊಂಡರೆ, ಬಡಿಸುವಾಗ ಎದುರಿನವರು ನಿಮ್ಮ ಕೈಯನ್ನೇ ನೋಡುತ್ತಾರೆ.

ಆ ಬೆಳಗ್ಗೆ ಅಣ್ಣ ಯಾವುದೋ ಕಾರಣಕ್ಕೆ ಫೋನ್ ಮಾಡಿದ. ಹಿಟ್ಟು ಉಬ್ಬಿ ಬಂತಾ ಅಂತ ಕೇಳಿದ. ಸುಮತಿ ಇಲ್ಲ ಅಂದಳು. ಅವನು ಅದೇ ಮಾತು ಹೇಳಿರಬೇಕು. ಸುಮತಿ ಫೋನು ಕೆಳಗಿಟ್ಟು, ಸ್ವಲ್ಪ ಹೊತ್ತು ಪಾತ್ರೆಯನ್ನೇ ನೋಡಿ, ಮಗಳ ಕಡೆ ತಿರುಗಿದಳು.

"ನಿನಗೆ ಪ್ರಾಜೆಕ್ಟ್ ಬೇಕಲ್ಲ? ದೊಡ್ಡಪ್ಪನ ಕೈಯನ್ನೇ ಪರೀಕ್ಷೆ ಮಾಡು."

ಅಣ್ಣ ಬಹಳ ಸಂತೋಷದಿಂದ ಒಪ್ಪಿದ. ತನ್ನ ಕೈ ಶಾಲೆಯ ಪುಸ್ತಕಕ್ಕೆ ಹೋಗುತ್ತದೆ ಅಂತ ಗಿರಾಕಿಗಳಿಗೂ ಹೇಳಿದನಂತೆ. ಹೋಟೆಲಿನ ಗ್ರೈಂಡರಿನಲ್ಲಿ ಒಂದೇ ಸಲ ಅರೆದ ಹಿಟ್ಟನ್ನು ಡಬ್ಬಿಯಲ್ಲಿ ನಮ್ಮ ಮನೆಗೆ ತಂದ. ಅದಿತಿ ಒಂದೇ ಥರದ ನಾಲ್ಕು ಗಾಜಿನ ಲೋಟ ಸಾಲಾಗಿಟ್ಟು, ಒಂದೇ ಅಳತೆಯ ಹಿಟ್ಟು, ಒಂದೇ ಅಳತೆಯ ಉಪ್ಪು ಹಾಕಿ, ಹಿಟ್ಟಿನ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿದಳು. ಒಂದಕ್ಕೆ ದೊಡ್ಡಪ್ಪನ ಕೈ, ಒಂದಕ್ಕೆ ಅಮ್ಮನ ಕೈ, ಒಂದಕ್ಕೆ ನನ್ನ ಕೈ. ನಾಲ್ಕನೆಯದಕ್ಕೆ ಕೈಯೇ ಇಲ್ಲ, ಚಮಚ. ನನ್ನ ಕೈ ಹುಟ್ಟಿದಾರಭ್ಯ ಹಿಟ್ಟು ಮುಟ್ಟಿದ್ದಲ್ಲ, ಅದಕ್ಕೇ ಬೇಕು ಅಂದಳು. ಎಲ್ಲರೂ ಒಂದೇ ಸಾಬೂನಿನಲ್ಲಿ ಕೈ ತೊಳೆದು ಎರಡೆರಡೇ ಬೆರಳು ಇಳಿಸಿ ಅಷ್ಟಷ್ಟೇ ಸುತ್ತು ತಿರುಗಿಸಬೇಕು ಅಂತ ಕಟ್ಟಪ್ಪಣೆಯಾಯಿತು. ಅಣ್ಣ ಅಭ್ಯಾಸದಂತೆ ದೇವರ ಹೆಸರು ಹೇಳಲು ಶುರು ಮಾಡಿದಾಗ ಅದಿತಿ ತಡೆದಳು. ಹೇಳುವುದಾದರೆ ನಾಲ್ಕಕ್ಕೂ ಹೇಳಬೇಕು, ಇಲ್ಲವಾದರೆ ಯಾವುದಕ್ಕೂ ಇಲ್ಲ. ದೇವರ ಹೆಸರು ಬಿಡಲು ಅಣ್ಣ ಒಪ್ಪಲಿಲ್ಲ. ಆದ್ದರಿಂದ ನಾವೆಲ್ಲ ಹೇಳಿದೆವು. ಚಮಚದ ಪರವಾಗಿ ನಾನು ಇನ್ನೊಮ್ಮೆ ಹೇಳಿದೆ. ಲೋಟಗಳನ್ನು ಅಡುಗೆಮನೆಯ ಮೂಲೆಯಲ್ಲಿ ಒಟ್ಟಿಗೆ ಇಟ್ಟೆವು.

ಬೆಳಗ್ಗೆ ನೋಡಿದರೆ ನಾಲ್ಕೂ ಹಾಗೇ ಮಲಗಿದ್ದವು. ರಬ್ಬರ್ ಬ್ಯಾಂಡು ಬಿಟ್ಟು ಒಂದು ಕೂದಲೆಳೆ ಮೇಲೆ ಹೋಗಿರಲಿಲ್ಲ. ಸುಮತಿ ಮುಖ ತೊಳೆಯಲು ಹೋದಳು. ಅವಳ ನಡಿಗೆಯಲ್ಲಿ ಒಂದು ಲಯವಿತ್ತು. ಅಣ್ಣ ಬಂದು ಲೋಟಗಳನ್ನು ಬೆಳಕಿಗೆ ಹಿಡಿದು ನೋಡಿ, ತನ್ನ ಕೈಗೆ ತನ್ನ ಜಾಗವೇ ಆಗಬೇಕು, ಪರಸ್ಥಳದಲ್ಲಿ ಅದು ಕೆಲಸ ಮಾಡುವುದಿಲ್ಲ ಅಂದ. ನಾನು ಬ್ಯಾಂಕಿನವನಾದ್ದರಿಂದ ಇಬ್ಬರಿಗೂ ನೋವಾಗದ ಹಾಗೆ, ಪಂದ್ಯ ಡ್ರಾ ಅಂತ ತೀರ್ಪು ಕೊಟ್ಟೆ. ಅದಿತಿ ಮಾತ್ರ, ಹಾಗಾದರೆ ಜಾಗವೂ ಒಂದು ವೇರಿಯೆಬಲ್ ಆಯಿತಲ್ಲ ಅಂತ ಗಲ್ಲ ಕೆರೆದುಕೊಂಡಳು.

ಎರಡನೆಯ ಸಲ ಪ್ರಯೋಗ ನಡೆದದ್ದು ಹೋಟೆಲಿನ ಅಡುಗೆಮನೆಯಲ್ಲಿ, ಅಣ್ಣ ಯಾವಾಗಲೂ ಹಿಟ್ಟಿಡುವ ಕಡಪ ಕಲ್ಲಿನ ಹಲಗೆಯ ಮೇಲೆ. ಅದೇ ನಾಲ್ಕು ಲೋಟ, ಅದೇ ಕೈಗಳು, ಅದೇ ಚಮಚ. ಮರುದಿನ ಬೆಳಗ್ಗೆ ನಾವು ಹೋಗುವ ಹೊತ್ತಿಗೆ ಅಣ್ಣನ ಲೋಟ ಉಕ್ಕಿ ಹಲಗೆಯ ಮೇಲೆ ಹರಿದಿತ್ತು. ಅವನು ಅದನ್ನು ನೋಡಿ ಇನ್ನೇನು ನಗಬೇಕು, ಅಷ್ಟರಲ್ಲಿ ಸುಮತಿಯದೂ ಉಕ್ಕಿದ್ದು ಕಂಡಿತು. ನನ್ನದೂ. ಚಮಚದ್ದೂ ಉಕ್ಕಿತ್ತು, ಸತ್ಯ ಹೇಳಬೇಕೆಂದರೆ ಎಲ್ಲಕ್ಕಿಂತ ಕೂದಲೆಳೆ ಹೆಚ್ಚೇ. ಆ ಚಮಚ ಸಾಂಬಾರು ಬಡಿಸುವ ಮಾಮೂಲಿ ಚಮಚ.

ಅದಿತಿ ಅಲ್ಲಿಗೇ ಬಿಡಬಹುದಿತ್ತು. ಆದರೆ ಅವಳು ಮೂರನೆಯ ಸಲವೂ ಮಾಡಿದಳು. ಈ ಬಾರಿ ಎರಡೇ ಲೋಟ, ಎರಡಕ್ಕೂ ದೊಡ್ಡಪ್ಪನದೇ ಕೈ. ಒಂದು ಅವನ ಹಲಗೆಯ ಮೇಲೆ, ಇನ್ನೊಂದು ಎದುರು ಗೋಡೆಯ ಕಪಾಟಿನಲ್ಲಿ. ಹಲಗೆಯದು ಉಬ್ಬಿತು. ಕಪಾಟಿನದು ನಮ್ಮ ಮನೆಯದರ ಹಾಗೇ ಮಲಗಿತು. ಅವಳು ಹಲಗೆಯ ಹಿಂದಿನ ಗೋಡೆಗೆ ಅಂಗೈಯೊತ್ತಿ ನೋಡಿ, ಅಪ್ಪ ಇಲ್ಲಿ ಮುಟ್ಟಿ ಅಂದಳು. ಮುಟ್ಟಿದೆ. ಗೋಡೆಗೆ ಜ್ವರ ಬಂದ ಹಾಗಿತ್ತು. ಮನೆಯ ಜ್ವರದ ಥರ್ಮಾಮೀಟರು ಮನುಷ್ಯರ ಜ್ವರವನ್ನಲ್ಲದೆ ಬೇರೇನನ್ನೂ ತೋರಿಸುವುದಿಲ್ಲವಾದ್ದರಿಂದ ನಾನು ಹೋಗಿ ಮೀನಿನ ತೊಟ್ಟಿಗಳ ಅಂಗಡಿಯಿಂದ ಈ ಥರ್ಮಾಮೀಟರನ್ನು ತಂದದ್ದು ಆಗಲೇ. ಇಡೀ ಅಡುಗೆಮನೆ ತಣ್ಣಗಿದ್ದರೂ ಆ ಹಲಗೆಯ ಮೇಲೆ ಮಾತ್ರ ನಮ್ಮೂರಿನ ಏಪ್ರಿಲ್ ತಿಂಗಳು.

ಕಾರಣ ಗೋಡೆಯ ಆಚೆ ಇತ್ತು. ಪಕ್ಕದ್ದು ಮೋದಕ್ ಬಾಬುವಿನ ಸಿಹಿತಿಂಡಿ ಅಂಗಡಿ. ಸಂದೇಶ್ ಎಂಬ ಸಿಹಿಗೆ, ರಸಗುಲ್ಲಕ್ಕೆ ಹಾಲು ಕಾಯಿಸುವ ಅವರ ದೊಡ್ಡ ಒಲೆ ಸರಿಯಾಗಿ ಆ ಗೋಡೆಗೆ ಬೆನ್ನು ಕೊಟ್ಟು ಮಧ್ಯಾಹ್ನದಿಂದ ಅಂಗಡಿ ಮುಚ್ಚುವವರೆಗೆ ಉರಿಯುತ್ತದೆ, ಆರಿದ ಮೇಲೂ ಗೋಡೆಯ ಕಾವು ಬೆಳಗಿನವರೆಗೆ ಉಳಿಯುತ್ತದೆ. ಧಣಿಗಳ ಕಾಲದಿಂದಲೂ ಹಾಗೇ. ಊರಿನಿಂದ ಬಂದ ಹುಡುಗ ಮೊದಲ ಚಳಿಗಾಲದಲ್ಲಿ ಹಿಟ್ಟನ್ನು ಆ ಹಲಗೆಯ ಮೇಲೆ ಇಟ್ಟದ್ದು ಅಡುಗೆಮನೆಯಲ್ಲಿ ಬೇರೆ ಜಾಗವಿರಲಿಲ್ಲ ಅಂತ, ಅಷ್ಟೇ.

ಅಣ್ಣ ಗೋಡೆಯನ್ನು ಮುಟ್ಟಲೇ ಇಲ್ಲ. ಅದಿತಿ ಉತ್ಸಾಹದಿಂದ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಆಮೇಲೆ, ಗಿರಾಕಿಗಳು ಕಾಯ್ತಿದ್ದಾರೆ ಅಂತ ಹೇಳಿ ಕಾವಲಿಯ ಹತ್ತಿರ ಹೋದ. ಆ ಸಂಜೆ ನಮ್ಮ ಮನೆಗೆ ಕಾಫಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ.

ಸುಮತಿ ಗೆದ್ದಿದ್ದಳು. ಮೊದಲ ದಿನ ಊರಿಗೆ ಫೋನ್ ಮಾಡಿ ತನ್ನ ಅಕ್ಕನಿಗೂ, ನನ್ನ ಕಡೆಯ ನೆಂಟರಿಗೂ ಗೋಡೆಯ ವಿಷಯ ವಿವರವಾಗಿ ಹೇಳಿದಳು. ಹಿಟ್ಟಿನ ಪಾತ್ರೆಯನ್ನು ಬಿಸಿನೀರಿನ ಗೀಸರಿನ ಕೆಳಗೆ ಕಂಬಳಿ ಹೊದಿಸಿ ಇಟ್ಟಳು. ಹಿಟ್ಟು ಉಬ್ಬಿತು, ದೋಸೆ ಅರಳಿತು. ಆದರೆ ದೋಸೆ ಹಾಕುವಾಗ ಬಾಗಿಲ ಕಡೆ ನೋಡುತ್ತಿದ್ದಳು. ಒಂದು ಸಂಜೆ ಅವಳು ಕಾಫಿ ಸೋಸುತ್ತ, ಭಾವ ಹೋಟೆಲಲ್ಲಿ ಈಗ ಕೈಹಾಕಿ ತಿರುವುವುದಿಲ್ಲವಂತೆ, ಸೌಟಿನಲ್ಲೇ ತಿರುವುತ್ತಾರಂತೆ ಅಂತ ನೆಲ ನೋಡುತ್ತ ಹೇಳಿದಳು. ಸೌಟಿನಲ್ಲಿ ತಿರುವಿದರೂ ಹಿಟ್ಟು ಉಬ್ಬುತ್ತಿತ್ತು. ಗಿರಾಕಿಗಳು ಎಂದಿನಂತೆ ಬಂದು, ಎಂದಿನಂತೆ ತಿಂದು, ಚಟ್ನಿ ಎರಡನೇ ಸಲ ಕೇಳಿ, ಬಾಯಿ ಒರೆಸಿಕೊಂಡು ಹೋಗುತ್ತಿದ್ದರು. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಅಣ್ಣನನ್ನು ಹೆಚ್ಚು ಕುಗ್ಗಿಸಿದ್ದು ಇದೇ ಅಂತ ನನಗನ್ನಿಸುತ್ತದೆ.

ಅತ್ತ ಶಾಲೆಯಲ್ಲಿ ಮ್ಯಾಡಂಗೂ ಅದಿತಿಯ ಪ್ರಾಜೆಕ್ಟು ಹಿಡಿಸಲಿಲ್ಲ. ಕೈಗುಣ ಅನ್ನುವುದು ಸಿಲೆಬಸ್ಸಿನಲ್ಲಿ ಇಲ್ಲ, ಹೊರಗಿನಿಂದ ಬರುವ ತೀರ್ಪುಗಾರರು ಏನಂದುಕೊಂಡಾರು, ಈಗಲೂ ಸಮಯ ಇದೆ ಹೆಸರುಕಾಳು ಮಾಡು ಅಂದರಂತೆ. ಅದಿತಿ ಅದಕ್ಕೆ ಹೆದರಲಿಲ್ಲ. ಅವಳ ನಿದ್ದೆಗೆಡಿಸಿದ್ದು ಬೇರೆ. ಪ್ರದರ್ಶನಕ್ಕೆ ಚಾರ್ಟು ಬರೆಯಬೇಕು, ಅದರಲ್ಲಿ ದೊಡ್ಡಪ್ಪನ ಕೈಯಿಂದ ಏನೂ ಆಗುವುದಿಲ್ಲ ಅಂತ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ನನ್ನನ್ನು ಕೇಳಿದಳು. ನಾನು ನಮ್ಮ ಬ್ಯಾಂಕಿನ ವಾರ್ಷಿಕ ವರದಿಗಳನ್ನು ಓದಿದ ಅನುಭವದಿಂದ, 'ಹಲವು ಅಂಶಗಳ ಒಟ್ಟು ಪರಿಣಾಮವಾಗಿ ಹಿಟ್ಟಿನಲ್ಲಿ ತೃಪ್ತಿಕರ ಏರಿಕೆ ಕಂಡುಬಂದಿದೆ' ಅಂತ ಬರೆದರೆ ಯಾರಿಗೂ ತೊಂದರೆಯಿಲ್ಲ ಅಂತ ಸೂಚಿಸಿದೆ. ಅವಳು ನನ್ನನ್ನು ನೋಡಿದ ನೋಟ ಮತ್ತೆ ಮತ್ತೆ ನೆನಪಿಸಿಕೊಳ್ಳುವಂಥದ್ದಲ್ಲ.

ಕೊನೆಗೆ ಅವಳೇ ಹೋಟೆಲಿಗೆ ಹೋಗಿ ಕೇಳಿದಳು. ನಾನು ಜೊತೆಗಿದ್ದೆ. ಅಣ್ಣ ಕಾವಲಿ ಉಜ್ಜುತ್ತಿದ್ದ.

"ದೊಡ್ಡಪ್ಪ, ಚಾರ್ಟಲ್ಲಿ ನಿಮ್ಮ ನೇಮ್ ಹಾಕ್ಲಾ, ಬೇಡ್ವಾ? ಬೇಡ ಅಂದ್ರೆ ನಾನು ಮೂಂಗ್ ಮಾಡ್ತೇನೆ."

ಅವನು ಅವಳಿಗೆ ಒಂದು ತುಪ್ಪದ ದೋಸೆ ಹಾಕಿ, ಅವಳು ಪೂರ್ತಿ ತಿನ್ನುವವರೆಗೆ ನಿಂತು ನೋಡಿ, ತಟ್ಟೆ ತೆಗೆದುಕೊಂಡು ಒಳಗೆ ಹೋದ. ದಾರಿಯಲ್ಲಿ ಅವಳು ಅತ್ತಳು. ಮನೆಗೆ ಬಂದು ಚಾರ್ಟಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದಳು. ಹೆಸರಿನ ಜಾಗದಲ್ಲಿ ಮಾತ್ರ 'ಒಬ್ಬ ಅನುಭವಿ ಅಡುಗೆಯವರು' ಅಂತ ಬರೆದು ಪೆನ್ನು ಮುಚ್ಚಿದಳು.

ಪ್ರದರ್ಶನದ ದಿನ ಶಾಲೆಯ ಹಾಲಿನ ತುಂಬ ಹೆಸರುಕಾಳು. ಒಂದರ ಪಕ್ಕ ಒಂದು, ಕ್ಷೌರ ಮಾಡಿಸಿಕೊಂಡ ಸಸಿಗಳು ಸಾಲಾಗಿ ನಿಂತಿದ್ದವು. ಮೂಲೆಯಲ್ಲಿ ಅದಿತಿಯ ನಾಲ್ಕು ಲೋಟ. ನಾನೂ ಸುಮತಿಯೂ ಪಕ್ಕದಲ್ಲಿ ನಿಂತಿದ್ದೆವು. ಸ್ವಲ್ಪ ಹೊತ್ತಿನಲ್ಲಿ ಬಾಗಿಲಲ್ಲಿ ಅಣ್ಣ ಕಾಣಿಸಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಹೋಟೆಲನ್ನು ಆ ಹೊತ್ತಿನಲ್ಲಿ ಬಿಟ್ಟು ಬಂದವನೇ ಅಲ್ಲ ಅವನು. ಜನರ ಹಿಂದೆ ಕೈಕಟ್ಟಿ ನಿಂತು ಅದಿತಿ ಹೇಳುವುದನ್ನು ಕೇಳಿದ. ಅವಳ ದನಿ ಅವನನ್ನು ಕಂಡದ್ದೇ ಸಣ್ಣದಾಯಿತು. ಆದರೂ ಹೇಳಿ ಮುಗಿಸಿದಳು. ಕೈ ಬದಲಿಸಿದರೆ ಏನೂ ಆಗಲಿಲ್ಲ, ಜಾಗ ಬದಲಿಸಿದರೆ ಆಯಿತು, ಕಾರಣ ಶಾಖ. ನೆರೆದವರಲ್ಲಿ ಒಬ್ಬರು, ಕಾಶ್ಮೀರಿ ಶಾಲು ಹೊದ್ದ ಗಂಭೀರ ವ್ಯಕ್ತಿ, ಈ ಅನುಭವಿ ಅಡುಗೆಯವರು ಯಾರು, ಅವರಿಗೆ ಇದು ಗೊತ್ತೇ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಅದಿತಿ ನೆಲ ನೋಡಿದಳು.

ಹಿಂದಿನಿಂದ ಅಣ್ಣ ಕೈಯೆತ್ತಿದ. ಹಿಂದಿ, ಬಂಗಾಳಿ ಎರಡೂ ಬೆರೆಸಿದ ತನ್ನ ಹೋಟೆಲ್ ಭಾಷೆಯಲ್ಲಿ, ಅವನಿಗೆ ಬರುವಷ್ಟೇ ಮಾತಿನಲ್ಲಿ ಹೇಳಿದ.

"ಕೈ ನನ್ನದು. ಗೋಡೆ ಪಕ್ಕದ ಅಂಗಡಿಯವರದು. ಹುಡುಗಿ ಹೇಳಿದ್ದು ಸರಿ ಉಂಟು."

ಎಲ್ಲರೂ ತಿರುಗಿ ಅವನನ್ನು ನೋಡಿದರು. ಅವನು ಎತ್ತಿದ ಕೈಯನ್ನು ಇಳಿಸಲು ಮರೆತು ಹಾಗೇ ನಿಂತಿದ್ದ. ಶಾಲಿನವರು ನಗಲಿಲ್ಲ, ಅವನಿಗೆ ನಮಸ್ಕಾರ ಮಾಡಿದರು. ಆಮೇಲೆ ಅಣ್ಣ ಸುಮತಿಯ ಹತ್ತಿರ ಬಂದು, ಲೋಟಗಳನ್ನು ನೋಡುವವನ ಹಾಗೆ ಅತ್ತ ತಿರುಗಿಕೊಂಡು ಮೆಲ್ಲಗೆ ಹೇಳಿದ. "ನಿಮ್ಮ ಮನೆ ತಣ್ಣಗೆ ಮಾರಾಯ್ತಿ. ನಿನ್ನ ಕೈ ಅಲ್ಲ. ನಾನು ಸುಮ್ಮನೆ ಇಷ್ಟು ವರ್ಷ ಹೇಳಿದೆ." ಸುಮತಿ ಸೆರಗಿನಿಂದ ಮೂಗು ಒರೆಸಿಕೊಂಡು, ನಾಳೆ ಕಾಫಿಗೆ ಬನ್ನಿ ಭಾವ ಅಂದಳು.

ಮೊದಲ ಬಹುಮಾನ ಒಂದು ಹೆಸರುಕಾಳಿಗೆ ಹೋಯಿತು. ಕತ್ತರಿಯ ಉಪಾಯ ಹೇಳಿಕೊಟ್ಟ ತಾಯಿಯ ಮಗನದೇ. ಅಳತೆ ಬಹಳ ಕರಾರುವಾಕ್ಕಾಗಿತ್ತು ಅಂತ ತೀರ್ಪುಗಾರರು ಮೆಚ್ಚಿದರು. ಅದಿತಿಗೆ ಭಾಗವಹಿಸಿದ್ದಕ್ಕೆ ಒಂದು ಪ್ರಮಾಣಪತ್ರ ಬಂತು.

ವಾಪಸು ಬರುವಾಗ ಸುಮತಿ ನೇರ ಮನೆಗೆ ಹೋದಳು. ಅಣ್ಣ ಮಾತ್ರ ಹೋಟೆಲಿಗೆ ಹೋಗದೆ ನಮ್ಮಿಬ್ಬರನ್ನು ಕರೆದುಕೊಂಡು ಮೋದಕ್ ಬಾಬುವಿನ ಅಂಗಡಿ ಹೊಕ್ಕ. ಇಷ್ಟು ವರ್ಷ ನಿಮ್ಮ ಒಲೆಯ ಋಣದಲ್ಲಿದ್ದೆ, ಗೊತ್ತಿರಲಿಲ್ಲ ಅಂತ ನಡೆದದ್ದನ್ನೆಲ್ಲ ಹೇಳಿದ. ಮೋದಕ್ ಬಾಬು ಹೊಟ್ಟೆ ಕುಲುಕಿಸಿ ನಕ್ಕು, ನಮ್ಮನ್ನು ಒಳಗೆ ಕರೆದು ಕೂರಿಸಿ, ಅದಿತಿಯ ಕೈಗೆ ಒಂದು ಮಣ್ಣಿನ ಕುಡಿಕೆ ಸಿಹಿಮೊಸರು ಕೊಟ್ಟರು. ಗಟ್ಟಿ ಮೊಸರು, ಚಮಚ ನೆಟ್ಟರೆ ನಿಲ್ಲುವಂಥದ್ದು. ಮೋದಕ್ ಬಾಬು ತಮ್ಮ ದಪ್ಪ ಅಂಗೈ ಚಾಚಿ ತೋರಿಸಿದರು. ದೋಸೆಯ ವಿಷಯ ಹಾಗಿರಬಹುದು, ಆದರೆ ಮೊಸರು ಹಾಗಲ್ಲ ಅಂದರು. ಈ ಕೈ ಅವರ ತಂದೆಯಿಂದ ಬಂದದ್ದು. ಬೆಳಗಿನ ಜಾವ ಹೆಪ್ಪು ಹಾಕಿ ಈ ಗೋಡೆಯ ಬುಡದಲ್ಲಿ ಇಟ್ಟರೆ ಮಧ್ಯಾಹ್ನಕ್ಕೆ ಕಲ್ಲಿನ ಹಾಗೆ ಕೂತಿರುತ್ತದೆ. ಇಡೀ ಪಾಡಾದಲ್ಲಿ, ಅಂದರೆ ಈ ಸುತ್ತಿನ ಬೀದಿಗಳಲ್ಲೆಲ್ಲ, ಚಳಿಗಾಲದಲ್ಲಿ ಹೀಗೆ ಹೆಪ್ಪುಗಟ್ಟುವುದು ಇಲ್ಲೊಂದೇ ಕಡೆ. ಸೋಮವಾರಗಳಂದು ಮಾತ್ರ ಯಾಕೋ ನೀರಾಗುತ್ತದೆ. ಜಾತಕದಲ್ಲಿ ಚಂದ್ರ ಬಲಹೀನನಂತೆ.

ಅದಿತಿಯ ಚಮಚ ಬಾಯಿಗೆ ಹೋಗುವ ದಾರಿಯಲ್ಲಿ ನಿಂತಿತು. ಅವಳು ಕುಡಿಕೆಗಳ ಸಾಲನ್ನು ನೋಡಿದಳು, ಅವುಗಳ ಹಿಂದಿನ ಗೋಡೆಯನ್ನು ನೋಡಿದಳು. ಆ ಗೋಡೆಯ ಆಚೆ, ಹೋಟೆಲಿನ ಬದಿಯಲ್ಲಿ, ಸರಿಯಾಗಿ ಅದೇ ಜಾಗದಲ್ಲಿ, ಬೆಳಗಿನ ಜಾವದಿಂದ ಉಗಿಯಾಡುವುದು ಅಣ್ಣ ಇಡ್ಲಿ ಬೇಯಿಸುವ ದೊಡ್ಡ ಪಾತ್ರೆ, ಇಡ್ಲಿ ಅಟ್ಟ. ಸೋಮವಾರ ಹೋಟೆಲಿಗೆ ರಜೆ.

"ದೊಡ್ಡಪ್ಪ, ಮಂಡೇ ನಿಮ್ಮ..." ಅಂತ ಶುರು ಮಾಡಿದಳು.

ಅಣ್ಣ ಅವಳ ಹೆಗಲ ಮೇಲೆ ಕೈಯಿಟ್ಟ. "ಸುಮ್ಮನೆ ತಿನ್ನು ಮಗಾ" ಅಂದ. ಮತ್ತೆ ಮೋದಕ್ ಬಾಬುವಿನ ಕಡೆ ತಿರುಗಿ, ಅವರ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ನೋಡಿ, ನಮ್ಮಲ್ಲಿ ಇದಕ್ಕೆ ಕೈಗುಣ ಅನ್ನುತ್ತಾರೆ ಅಂತ ಹೇಳಿದ. ಮೋದಕ್ ಬಾಬು ಆ ಶಬ್ದವನ್ನು ಎರಡು ಮೂರು ಸಲ ಹೇಳಿ ಕಲಿತುಕೊಂಡರು.

ಮುಂದಿನ ಸೋಮವಾರ ನಾನು ಬೆಳಗಿನ ವಾಕಿಂಗಿಗೆ ಹೋದಾಗ ಹೋಟೆಲಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅಣ್ಣ ಒಬ್ಬನೇ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದ. ಇಡ್ಲಿ ಅಟ್ಟ ಬುಸುಗುಟ್ಟುತ್ತಿತ್ತು. ಅದರಲ್ಲಿ ಇಡ್ಲಿ ಇರಲಿಲ್ಲ, ಬರೀ ನೀರು. ರಜೆಯ ದಿನ ಇದೆಂತ ಅಂತ ಕೇಳಿದೆ. ಪಾತ್ರೆ ತೊಳೆಯಲಿಕ್ಕೆ ಬಿಸಿನೀರು ಬೇಕಲ್ಲ ಅಂದ. ತೊಳೆಯುವ ಪಾತ್ರೆ ಒಂದೂ ಕಾಣಲಿಲ್ಲ. ಆ ಚಳಿಗಾಲ ಮುಗಿಯುವವರೆಗೆ ಸೋಮವಾರಗಳಂದು ಅವನಿಗೆ ಬಿಸಿನೀರು ಬೇಕಾಗುತ್ತಲೇ ಇತ್ತು.

ಒಂದು ದಿನ ಸಂಜೆ ನಾವು ಹೋಟೆಲಿನಲ್ಲಿ ಕೂತಿದ್ದಾಗ ಮೋದಕ್ ಬಾಬು ಹುರುಪಿನಿಂದ ಬಂದರು. ಬೆರಳಲ್ಲಿ ಬೆಳ್ಳಿಯ ಹೊಸ ಉಂಗುರ, ಉಂಗುರದಲ್ಲಿ ಮುತ್ತು. ಕಾಳಿಘಾಟ್ ಹತ್ತಿರದ ಜ್ಯೋತಿಷಿಯೊಬ್ಬರು ಚಂದ್ರನ ದೋಷಕ್ಕೆಂದು ಕೊಟ್ಟದ್ದಂತೆ. ತೊಟ್ಟ ವಾರದಿಂದ ಸೋಮವಾರದ ಮೊಸರೂ ಕಲ್ಲಿನ ಹಾಗೆ ಕೂರುತ್ತಿದೆಯಂತೆ. ವಿಜ್ಞಾನ ಓದುವ ಹುಡುಗಿ ಇದಕ್ಕೇನು ಹೇಳುತ್ತಾಳೆ ಅಂತ ಅದಿತಿಯನ್ನೇ ಕೇಳಿದರು. ಅವಳು ದೊಡ್ಡಪ್ಪನ ಮುಖ ನೋಡಿದಳು.

ಅಣ್ಣ ಉಂಗುರದ ಬೆರಳನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಬಹಳ ಹೊತ್ತು ನೋಡಿದ. "ಒಳ್ಳೆ ಮುತ್ತು" ಅಂದ.